ಬೀದಿಗೆ ಹಾಸು ಕಟ್ಟಿದಾಕೆ

೧೯೬೨ರಲ್ಲಿ ನನ್ನ ಓದು ನಿಂತಿತು. ನಿಂತಿತು ಅನ್ನುವುದು ಸರಿಯಲ್ಲ, ನಾನೇ ನಿಲ್ಲಿಸಿದೆ. ಆಗ ಏಳನೇ ಕ್ಲಾಸು. ಪಕ್ಕದಲ್ಲಿ ಕೂರುತ್ತಿದ್ದವನು ನನ್ನ ಅಂಗಿ ಕುರಿ ನಾತ ಹೊಡೆಯುತ್ತದೆ ಎಂದು ಮೂಗು ಮುಚ್ಚಿಕೊಂಡ. ಕಂಪಾಸು ಪೆಟ್ಟಿಗೆಯಿಂದ ಅವನ ಹುಬ್ಬಿನ ಮೇಲೆ ಬಾರಿಸಿದೆ. ಮೇಷ್ಟ್ರು ತಪ್ಪಾಯಿತು ಅಂತ ಹೇಳಿ ಒಳಗೆ ಕೂತುಕೋ ಎಂದರು. ಮೊದಲು ಅವನು ಹೇಳಲಿ ಎಂದೆ. ಅವನು ಹೇಳಲಿಲ್ಲ, ನಾನೂ ಹೇಳಲಿಲ್ಲ, ಚೀಲ ತಗೊಂಡು ಮನೆಗೆ ಬಂದವನು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಇದನ್ನು ದುಃಖಪಟ್ಟು ಬರೆಯುತ್ತಿಲ್ಲ. ಮಾರನೆಯ ದಿನವೇ ಅಪ್ಪನ ಕಂಬಳಿ ಮಗ್ಗದ ಗುಂಡಿಗೆ ಇಳಿದೆ. ಅಲ್ಲಿಂದ ಇಲ್ಲಿಯವರೆಗೆ ದುಡಿದು ತಿಂದಿದ್ದೇನೆ, ಯಾರ ಮುಂದೆಯೂ ಕೈ ಚಾಚಿಲ್ಲ.

ಆದರೆ ಬರೆಯಹೊರಟದ್ದು ನನ್ನ ವಿಷಯವಲ್ಲ. ಚಿತ್ರದುರ್ಗದ ಕೋಟೆಯ ಬುಡಕ್ಕೆ ಆತುಕೊಂಡಿದ್ದ ನಮ್ಮ ಓಣಿಯ ಒಬ್ಬ ಹೆಂಗಸಿನ ವಿಷಯ. ಹೆಸರು ಹಾಕುವುದಿಲ್ಲ. ಆಕೆಯ ಮೊಮ್ಮಕ್ಕಳು ಒಳ್ಳೆಯ ನೌಕರಿಯಲ್ಲಿದ್ದಾರೆ, ಅಜ್ಜಿ ಬೀದಿಯಲ್ಲಿ ನಿಂತು ಗಂಡಸರಿಗೆ ಬಡಿಯುತ್ತಿದ್ದಳು ಎಂದು ಅಚ್ಚಾದರೆ ಅವರಿಗೆ ಹಿಡಿಸಲಿಕ್ಕಿಲ್ಲ. ಓಣಿಯವರು ಆಕೆಯನ್ನು ಕುಂಚದಮ್ಮ ಅನ್ನುತ್ತಿದ್ದರು. ಆಕೆಯಿಂದ ಏಟು ತಿನ್ನದ ಗಂಡಸು ನಮ್ಮಲ್ಲಿ ಇರಲಿಲ್ಲ. ಹಾಗೆಯೇ, ಅಷ್ಟು ಜಗಳಗಂಟ ಓಣಿಯಲ್ಲಿ ಜಗಳಕ್ಕೆ ಒಬ್ಬನೂ ಸತ್ತಿರಲಿಲ್ಲ. "ತಲೆ ಒಡೆದಾವೆ, ಹೆಣ ಬಿದ್ದಿಲ್ಲ" ಎಂಬುದು ನಮ್ಮವರು ಬೇರೆ ಬೀದಿಯವರ ಮುಂದೆ ಕೊಚ್ಚಿಕೊಳ್ಳುತ್ತಿದ್ದ ಮಾತು. ಆ ಮಾತು ನಿಂತದ್ದು ಆಕೆಯ ಕೈಯಿಂದ. ಅದನ್ನು ಕೆಡಿಸಿದವನು ನಾನು.

ಓಣಿಯನ್ನು ಮೊದಲು ಹೇಳಬೇಕು. ಪಡುವಣ ಸಾಲು ನಮ್ಮ ಕಂಬಳಿಯವರದು, ಕುರಿ ಸಾಕುವ ಹಳ್ಳಿಗಳಿಂದ ಅಜ್ಜಂದಿರ ಕಾಲದಲ್ಲಿ ಬಂದು ನಿಂತವರು. ಸಾಲಿನ ಕೊನೆಗೆ ಬಿಲ್ಲಿನಿಂದ ಉಣ್ಣೆ ಎಕ್ಕಿ ಬಿಡಿಸುವ ಪಿಂಜಾರರ ಮನೆಗಳು. ಅವರು ನಮಾಜು ಮಾಡುವವರು, ಮನೆಯಲ್ಲಿ ಮಾತಾಡುವುದು ನಮ್ಮಂಥದೇ ಕನ್ನಡ. ಎದುರಿನ ಮೂಡಣ ಸಾಲಿನಲ್ಲಿ ಮರಾಠಿ ಮಾತಿನ ಬಣ್ಣದವರು, ಅವರ ಪಕ್ಕ ಬಿದಿರಿನ ಮೇದಾರರು, ತಿರುವಿನಲ್ಲಿ ಆಂಧ್ರದ ಕಡೆಯಿಂದ ಹುಣಸೆಬೀಜ ತಂದು ಮಾರುವ ತೆಲುಗರು, ಮೇಲ್ತುದಿಗೆ ಕೇರಳದ ಕಡೆಯವನೊಬ್ಬನ ಚಾ ಅಂಗಡಿ. ಹಿಂದಿನ ಬೀದಿಯೇ ಲಾರಿ ಗ್ಯಾರೇಜುಗಳ ಸಾಲು. ಬೆಳಗ್ಗೆ ಎದ್ದರೆ ಎಕ್ಕುವ ಬಿಲ್ಲಿನ ಟುಂಯ್ ಟುಂಯ್, ಬಿದಿರು ಸೀಳುವ ಸದ್ದು, ಗ್ಯಾರೇಜಿನ ಸುತ್ತಿಗೆ.

ಇಷ್ಟು ಜನ ಇಷ್ಟು ಇಕ್ಕಟ್ಟಿನಲ್ಲಿದ್ದರೆ ಜಗಳಕ್ಕೆ ಕಾರಣ ಹುಡುಕಬೇಕಾಗಿಲ್ಲ. ಪಿಂಜಾರರ ಉಣ್ಣೆಯ ನವಿರು ಹಾರಿ ಬಣ್ಣದವರ ಹಂಡೆಗೆ ಬೀಳುತ್ತಿತ್ತು. ಬಣ್ಣದವರ ಕೆಂಪು ನೀರು ಚರಂಡಿ ತುಂಬಿ ನಮ್ಮ ಉಣ್ಣೆ ತೊಳೆಯುವ ಕಲ್ಲಿಗೆ ಬರುತ್ತಿತ್ತು. ಮೇದಾರರ ಬಿದಿರು ಸಿಬಿರು ಎಲ್ಲರ ಅಂಗಾಲಿನಲ್ಲಿ. ಬೈಯುವುದಕ್ಕೂ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಎದುರಿನವನ ಭಾಷೆಯಲ್ಲೇ ಬೈಯಬೇಕು, ಇಲ್ಲದಿದ್ದರೆ ಅವನಿಗೆ ಮುಟ್ಟುವುದಿಲ್ಲ. ಹಾಗಾಗಿ ಮರಾಠಿಯಲ್ಲಿ ನೀರು ಕೇಳಲು ಬಾರದ ನಮಗೆ ಮರಾಠಿ ಬೈಗುಳ ಮೂವತ್ತು ಬರುತ್ತಿದ್ದವು. ನಾಲ್ಕು ಭಾಷೆಯಲ್ಲೂ ತಡೆಯಿಲ್ಲದೆ ಬೈಯುತ್ತಿದ್ದವಳು ಆಕೆ ಒಬ್ಬಳೇ.

ಆಕೆ ಪಿಂಜಾರರ ಹೆಣ್ಣುಮಗಳು, ಹಿರಿಯೂರಿನ ಕಡೆಯಿಂದ ಮದುವೆಯಾಗಿ ಬಂದವಳು. ಕುಳ್ಳಿ, ಒಣಕಲು ಮೈ. ಮುಂದಿನ ಒಂದು ಹಲ್ಲು ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಗಂಡ ಹೊಡೆದ ಏಟಿಗೆ ಹೋದದ್ದಂತೆ. ಮಾರನೆಯ ದಿನ ಆತ ಎದ್ದು ನೋಡಿದರೆ ಎಕ್ಕುವ ಬಿಲ್ಲಿಗೆ ಬಿಗಿದ ಕುರಿಯ ನರ ತುಂಡಾಗಿ ನೇತಾಡುತ್ತಿತ್ತು. ಹೊಸ ನರ ಹುರಿ ಮಾಡಿ ಒಣಗಿಸಲು ಎಂಟು ದಿನ ಬೇಕು. ಎಂಟನೆಯ ದಿನ ಅದನ್ನೂ ಕತ್ತರಿಸಿದಳು. ಆತ ಹಿರಿಯರನ್ನು ಕರೆಸಿ ನ್ಯಾಯ ಕೇಳಿದಾಗ ಆಕೆ ಸೆರಗಿನೊಳಗಿಂದಲೇ ಹೇಳಿದಳಂತೆ, ನರ ಮತ್ತೆ ಬರ್ತೈತೆ, ನನ್ನ ಹಲ್ಲು ಬರಲ್ಲ, ಇನ್ನೂ ಸಮ ಆಗಿಲ್ಲ ಅಂತ. ಆತ ಸಾಯುವ ತನಕ ಆಕೆಯ ಮೇಲೆ ಮತ್ತೆ ಕೈ ಮಾಡಲಿಲ್ಲ.

ಗಂಡ ಹೋದ ಮೇಲೆ ಆಕೆ ಹಿಡಿದ ಕೆಲಸ ಓಣಿಗೆಲ್ಲ ಸರಿ ಹಚ್ಚುವುದು. ಕಂಬಳಿ ನೇಯುವ ಮುಂಚೆ ಉದ್ದೆಳೆಗಳನ್ನು ಒಟ್ಟು ಮಾಡಿ ಹಾಸು ಕಟ್ಟುತ್ತೇವೆ. ಅದನ್ನು ಬೀದಿಯ ಉದ್ದಕ್ಕೆ, ಸೊಂಟದ ಎತ್ತರಕ್ಕೆ, ಆ ಕೊನೆ ಈ ಕೊನೆ ಗೂಟಕ್ಕೆ ಬಿಗಿದು, ಹುಣಸೆಬೀಜದ ಗಂಜಿಯನ್ನು ದೊಡ್ಡ ಬೇರಿನ ಕುಂಚದಿಂದ ಎಳೆಎಳೆಗೂ ಉಣ್ಣಿಸಬೇಕು. ಆ ಗಂಜಿಯೇ ಸರಿ. ಹಚ್ಚಿದ ಮೇಲೆ ಬಿಸಿಲಿಗೆ ಮೂರು ನಾಲ್ಕು ತಾಸು ಒಣಗಬೇಕು. ಒಣಗುವಾಗ ಯಾರಾದರೂ ಎಡವಿದರೆ, ಜಗ್ಗಿದರೆ, ಎಳೆಗೆ ಎಳೆ ಅಂಟಿ ಹಾಸು ಹಾಳು. ಒಂದು ಮನೆಯ ಹೆಂಗಸರು ತಿಂಗಳೊಪ್ಪತ್ತು ನೂತದ್ದು ಅಷ್ಟೂ ಹೋದಂತೆ. ಅದಕ್ಕೇ ನಮ್ಮ ಓಣಿಯಲ್ಲಿ ಒಂದು ಕಟ್ಟಳೆ. ಬೀದಿಯಲ್ಲಿ ಹಾಸು ಇರುವ ತನಕ ಯಾರೂ ಕೈ ಎತ್ತಬಾರದು, ಓಡಬಾರದು, ಬಗ್ಗಿ ದಾಟಬಾರದು. ಆ ಕಡೆ ಹೋಗಬೇಕೆಂದರೆ ಕೊನೆಯ ತನಕ ನಡೆದು ಗೂಟ ಸುತ್ತಿಕೊಂಡು ಹೋಗಬೇಕು. ಮೊಹರಮ್ಮಿನ ಬಾಬಯ್ಯನ ಪಂಜಾ ಬಂದರೂ ನಿಲ್ಲುತ್ತಿತ್ತು, ಗಣಪತಿ ಬಂದರೂ ನಿಲ್ಲುತ್ತಿದ್ದ. ಓಟು ಕೇಳಲು ಬಂದ ದೊಡ್ಡ ಮನುಷ್ಯರೊಬ್ಬರ ಜೀಪು ಹಾರನ್ನು ಹೊಡೆಯತೊಡಗಿದಾಗ ಆಕೆ ಕುಂಚವನ್ನು ಬಾನೆಟ್ಟಿನ ಮೇಲೆ ಒರೆಸಿ, ಇಳಿದು ನಡೀರಿ ಸಾಮಿ, ಕಾಲು ಅದಾವಲ್ಲ ಎಂದಿದ್ದಳು. ಅವರು ನಡೆದೇ ಓಟು ಕೇಳಿದರು.

ಈ ಕಟ್ಟಳೆಯನ್ನು ಜಗಳಕ್ಕೆ ತಿರುಗಿಸಿದ್ದು ಆಕೆಯ ಬುದ್ಧಿ. ಓಣಿಯ ಎರಡು ಸಾಲಿನ ಇಬ್ಬರು ಎದುರುಬದುರು ನಿಂತು ತೋಳು ಏರಿಸಿದರೆ ಸಾಕು, ಆಕೆ ಹತ್ತಿರದ ಯಾವುದಾದರೂ ಮನೆಗೆ ನುಗ್ಗಿ ಸಿದ್ಧವಿದ್ದ ಹಾಸು ಹೊರಡಿಸುತ್ತಿದ್ದಳು. ನಮ್ಮವರು ಬೈಯದೆ ಹೊಡೆಯುವವರಲ್ಲ. ಬೈಗುಳ ಮುಗಿಯುವಷ್ಟರಲ್ಲಿ ನಾಲ್ಕು ಹೆಂಗಸರು ಹಾಸನ್ನು ಬೀದಿಯ ನಡುವೆ ಬಿಗಿದು, ಆಕೆಯ ಕುಂಚ ಅದರ ಮೇಲೆ ಒಮ್ಮೆ ಆಡಿರುತ್ತಿತ್ತು. ಕುಂಚ ಮುಟ್ಟಿತೆಂದರೆ ಮುಗಿಯಿತು. ಕೊಡಲಿ ಹಿಡಿದವನು ಕೊಡಲಿ ಹಿಡಿದಲ್ಲೇ, ಕಲ್ಲು ಹಿಡಿದವನು ಕಲ್ಲು ಹಿಡಿದಲ್ಲೇ. ನಡುವೆ ಒದ್ದೆ ಹಾಸು. ಅದರ ಆಚೆ ಈಚೆ ಇಬ್ಬರೂ ನಿಂತು ನಿಂತು ಸಾಕಾಗಿ ಕೂತುಬಿಡುತ್ತಿದ್ದರು.

ಹಾಗಂತ ಆಕೆ ಶಾಂತಿ ಬೋಧಿಸುವವಳು ಎಂದುಕೊಂಡರೆ ತಪ್ಪು. ಆಕೆಗೆ ಹೊಡೆದಾಟ ಕಂಡರೆ ಇಷ್ಟವೇ ಇತ್ತು.

"ಬಡಿದಾಡ್ರಿ, ಬ್ಯಾಡ ಅನ್ನಲ್ಲ," ಅನ್ನುತ್ತಿದ್ದಳು. "ಹಾಸು ಒಣಗಲಿ. ಅಷ್ಟೊತ್ತಿಗೂ ಸಿಟ್ಟು ಹಸೀ ಉಳಿದಿದ್ರೆ ಅದು ಖರೆ ಸಿಟ್ಟು. ನಾನೇ ಜಾಗ ಬಿಡಿಸ್ಕೊಡ್ತೀನಿ."

ಮಾತಿಗೆ ತಪ್ಪುತ್ತಿರಲಿಲ್ಲ. ಹಾಸು ಸುತ್ತಿಟ್ಟ ಮೇಲೂ ಹೊಡೆದಾಡಬೇಕೆನ್ನುವವರಿಗೆ ಕಬ್ಬಿಣ ಕೆಳಗಿಡಿಸಿ, ಸುತ್ತ ಜನರನ್ನು ಸರಿಸಿ, ತಾನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಹೊಡೆತ ಸರಿಯಾಗಿ ಬೀಳದಿದ್ದರೆ, ಏನ್ರಲೇ ಹೊಡೆದಾಡ್ತೀರೋ ಹಪ್ಪಳ ಲಟ್ಟಿಸ್ತೀರೋ ಎಂದು ಛೇಡಿಸುತ್ತಿದ್ದಳು. ಬಿದ್ದವನ ಮೇಲೆ ಕಾಲಿಟ್ಟರೆ ಮಾತ್ರ ಕುಂಚದ ಹಿಡಿ ಬೆನ್ನಿಗೆ ಬೀಳುತ್ತಿತ್ತು. ಮೇದಾರರ ಹಿರಿಯನಿಗೂ ನಮ್ಮ ಅಪ್ಪನಿಗೂ ಹೀಗೆ ಒಮ್ಮೆ ಆಗಿ, ಅಪ್ಪನ ಕಿವಿ ಅರ್ಧ ಹರಿದು, ಮೇದಾರಣ್ಣನ ದವಡೆ ಊದಿ, ಆಮೇಲೆ ಇಬ್ಬರೂ ಒಂದೇ ಬಟ್ಟಲಿನ ಅರಿಸಿನ ಹಚ್ಚಿಸಿಕೊಂಡು ಕೂತದ್ದು ನನ್ನ ಕಣ್ಣಲ್ಲಿದೆ. ಹಚ್ಚಿದವಳು ಆಕೆಯೇ. ಗಾಯಕ್ಕೂ ಹಾಸಿಗೂ ಒಂದೇ ಥರ ಒರಟಾಗಿ ಹಚ್ಚುತ್ತಿದ್ದಳು.

ಇನ್ನು ನನ್ನ ವಿಷಯಕ್ಕೆ ಬರಬೇಕು.

೧೯೭೪. ನನಗೆ ಇಪ್ಪತ್ನಾಲ್ಕು, ಮದುವೆಯಾಗಿ ಎರಡು ವರ್ಷ. ಅಪ್ಪ ತೀರಿಕೊಂಡಿದ್ದ, ಎರಡು ಮಗ್ಗ ನನ್ನ ಮೇಲೆ. ನೇಯುವುದೂ ನಾನೇ, ಸೈಕಲ್ಲಿನ ಹಿಂದೆ ಹೇರಿಕೊಂಡು ಮಾರುವುದೂ ನಾನೇ. ತಾಳ್ಯ, ಹೊರಕೆರೆದೇವಪುರ, ಹೊಸದುರ್ಗದ ಸಂತೆ, ಈ ಕಡೆ ತುರುವನೂರು, ಎಲ್ಲಿ ಹೋದರೂ ಕುರಿಯವರು ನನ್ನ ಕಂಬಳಿಯನ್ನು ಕಾದು ಕೊಳ್ಳುತ್ತಿದ್ದರು. ನೀರು ಹಾಕಿದರೆ ಒಳಗಿಳಿಯದು ಎಂದು ಅವರ ಮುಂದೆಯೇ ಚೊಂಬು ಬಗ್ಗಿಸಿ ತೋರಿಸುತ್ತಿದ್ದೆ. ಆ ವರ್ಷ ಮಳೆಗಾಲದ ಮುಂಚೆ ಬೇಡಿಕೆ ಹೆಚ್ಚಿತ್ತು. ಅಂಚಿಗೆ ಕೆಂಪು ಪಟ್ಟೆ ಇದ್ದರೆ ಚೆಂದ ಎಂದು ಎದುರಿನ ಬಣ್ಣದವರ ಮನೆಗೆ ಬಿಳಿ ನೂಲು ಕೊಟ್ಟು ಕೆಂಪು ಮಾಡಿಸಿದೆ. ಹಂಡೆ ನೋಡಿಕೊಳ್ಳುತ್ತಿದ್ದವನು ಅವರ ಮಗ. ನನ್ನ ವಾರಗೆಯವನು, ಒಟ್ಟಿಗೆ ಕೋಟೆಯ ಗೋಡೆ ಹತ್ತಿದವರು ನಾವು. ಅವನೂ ಸೊಕ್ಕಿನವನೇ. ನಮ್ಮ ಓಣಿಯಲ್ಲಿ ಸೊಕ್ಕಿಲ್ಲದವನಿಗೆ ಹೆಣ್ಣು ಕೊಡುತ್ತಿರಲಿಲ್ಲ.

ಮೊದಲ ಮಳೆ ಬಿದ್ದ ನಾಲ್ಕು ದಿನಕ್ಕೆ ತಾಳ್ಯಕ್ಕೆ ಹೋದೆ. ಅಲ್ಲಿ ನನ್ನಿಂದ ಕಂಬಳಿ ಕೊಂಡ ಹಿರಿಯ ಕುರಿಗಾರರೊಬ್ಬರು ಅರಳೀಕಟ್ಟೆಯಲ್ಲಿ ಹತ್ತು ಜನರ ನಡುವೆ ಕೂತಿದ್ದರು. ನನ್ನನ್ನು ಕಂಡವರೇ ಎದ್ದು ನಿಂತು ಅಂಗಿ ತೆಗೆದರು. ಕುತ್ತಿಗೆ, ಹೆಗಲು, ಪಂಚೆಯ ಅಂಚು ಎಲ್ಲ ಕೆಂಪು. ಹಿಂದಿನ ರಾತ್ರಿ ನನ್ನ ಕಂಬಳಿ ಹೊದ್ದು ಮಳೆಯಲ್ಲಿ ಬಂದದ್ದಕ್ಕೆ ಹೆಂಡತಿ ಯಾರೋ ಕಡಿದಿದ್ದಾರೆ ಎಂದು ಬೊಬ್ಬೆ ಹಾಕಿದಳಂತೆ. ಜನ ನಕ್ಕರು. ಅವರು ನಗಲಿಲ್ಲ. ನಿಮ್ಮಪ್ಪನ ಕಂಬಳಿ ನನ್ನ ತಂದೆಯ ಹೆಣದ ಮೇಲೂ ಹೊದಿಸಿದ್ವಿ, ನಿನ್ನದು ದನಕ್ಕೂ ಬ್ಯಾಡ ಎಂದು ಒದ್ದೆ ಕಂಬಳಿಯನ್ನು ನನ್ನ ಮುಖಕ್ಕೆ ಎಸೆದರು.

ಅಲ್ಲಿಂದ ದುರ್ಗದ ತನಕ ಸೈಕಲ್ಲು ಹೇಗೆ ತುಳಿದೆನೋ ತಿಳಿಯದು. ಹೊಳಲ್ಕೆರೆಯಲ್ಲಿ ನೀರು ಕುಡಿಯಲೂ ಇಳಿಯಲಿಲ್ಲ. ಮನಸ್ಸಿನಲ್ಲಿ ಒಂದೇ ಇತ್ತು, ಬಣ್ಣ ಕಚ್ಚಿಸುವ ಪಟಕ ಕಡಿಮೆ ಹಾಕಿ ನನ್ನ ಮಾನ ಕಳೆದವನ ಕುತ್ತಿಗೆಯನ್ನೂ ಕೆಂಪು ಮಾಡಬೇಕು. ಓಣಿಗೆ ಬಂದಾಗ ನೆತ್ತಿಯ ಮೇಲೆ ಬಿಸಿಲು. ಸೈಕಲ್ಲನ್ನು ಬೀದಿಯಲ್ಲೇ ಕೆಡವಿ ಒಳಗೆ ಹೋಗಿ ಕುರಿ ಉಣ್ಣೆ ಕತ್ತರಿಸುವ ಕತ್ತರಿ ತಗೊಂಡೆ. ಮೊಣಕೈಯುದ್ದದ ಅಲುಗಿನದು, ಹಿಡಿಯೂ ಕಬ್ಬಿಣ. ಬಾಗಿಲಲ್ಲಿ ನಿಂತು ಅವನ ಹೆಸರು ಹಿಡಿದು, ಅವರ ಭಾಷೆಯಲ್ಲಿ, ಬರುತ್ತಿದ್ದ ಮೂವತ್ತನ್ನೂ ಬೈದೆ. ಅದೇ ತಪ್ಪಾಯಿತು. ಬೈದು ಮುಗಿಸುವಷ್ಟರಲ್ಲಿ ನನ್ನ ಮುಂದೆ ಹಾಸು ಕಟ್ಟಿತ್ತು, ಆಕೆ ಅದಕ್ಕೆ ಕುಂಚ ಮುಟ್ಟಿಸಿದ್ದಳು.

ಕಣ್ಣು ಬಿಟ್ಟು ನೋಡಿದೆ. ಹಾಸು ನನ್ನ ಮನೆಯದೇ. ಹಿತ್ತಿಲ ಬಾಗಿಲಿಂದ ನನ್ನ ಹೆಂಡತಿಯೇ ಎತ್ತಿ ಕೊಟ್ಟಿದ್ದಳು. ಕುಂಚದಮ್ಮ ಲೆಕ್ಕ ಹಾಕಿದ್ದು ಹೀಗೆ: ಬೇರೆಯವರದನ್ನು ಬೇಕಾದರೆ ಹರಿದಾನು, ತನ್ನ ಹೆಂಡತಿ ನೂತದ್ದನ್ನು ಯಾವ ನೇಕಾರ ಹರಿಯುತ್ತಾನೆ? ಗಂಡಸರ ಸಿಟ್ಟನ್ನು ಅಷ್ಟು ಬಲ್ಲವಳು ಅಲ್ಲಿ ತಪ್ಪಿದಳು. ಬೇರೆಯವರ ಹಾಸಾಗಿದ್ದರೆ ನಾನು ನಿಲ್ಲುತ್ತಿದ್ದೆ. ದೇವರಾಣೆ ನಿಲ್ಲುತ್ತಿದ್ದೆ, ಇನ್ನೊಬ್ಬರ ನೂಲಿಗೆ ಕತ್ತರಿ ಹಾಕುವವನಲ್ಲ ನಾನು. ನನ್ನದು ಎಂದು ಕಂಡದ್ದೇ ಸೊಕ್ಕು ನೆತ್ತಿಗೇರಿತು.

"ನನ್ನ ಹಾಸು, ನನ್ನ ಇಷ್ಟ," ಎಂದೆ.

"ಬೀದಿಗೆ ಬಿದ್ದ ಮ್ಯಾಲೆ ನಿಂದಲ್ಲ ಕಣಲೇ," ಎಂದಳು. "ಸುತ್ತಿಡೋ ಗಂಟ ಬೀದೀದು."

ಕತ್ತರಿ ಹಾಕಿದೆ. ಬಿಗಿದ ಎಳೆಗಳು ಕಿತ್ತುಹೋಗುವ ಸದ್ದು ಹಸೀ ಚರ್ಮ ಹರಿದಂತಿತ್ತು. ಎರಡು ತುಂಡೂ ಎರಡು ಕಡೆಗೆ ಹಾರಿ ಮಣ್ಣಿಗೆ ಬಿದ್ದವು, ಸರಿ ನನ್ನ ಮುಖಕ್ಕೆ ಸಿಡಿಯಿತು. ಓಣಿಯಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ನಾನು ಆ ಸಂದಿನಲ್ಲಿ ನುಗ್ಗಿದೆ. ಆಕೆ ಎದುರಿಗೆ ಬಂದು ಕುಂಚದಿಂದ ಕಪಾಳಕ್ಕೆ ಒಂದು ಕೊಟ್ಟು, ಇನ್ನೊಂದು ಕೈಯಿಂದ ಕತ್ತರಿ ಹಿಡಿದುಕೊಂಡಳು. ಬಿಡು ಎಂದೆ. ಬಿಡಲಿಲ್ಲ. ಜಗ್ಗಿ ಬಿಡಿಸಿಕೊಂಡು, ಮತ್ತೆ ಎತ್ತಿದ್ದ ಆಕೆಯ ಬಲಗೈಗೆ ಕತ್ತರಿಯ ಹಿಡಿಯಿಂದ ಬೀಸಿದೆ. ಏಟು ಮೊಣಕೈಯಿಂದ ಕೆಳಗೆ ಬಿತ್ತು. ಬಿದಿರು ಸೀಳುವಾಗ ಗೆಣ್ಣು ಒಡೆಯುತ್ತದಲ್ಲ, ಆ ಸದ್ದು.

ಕುಂಚ ಕೆಳಗೆ ಬಿತ್ತು. ಜೋಲುತ್ತಿದ್ದ ಕೈಯನ್ನು ಇನ್ನೊಂದು ಕೈಯಲ್ಲಿ ಎತ್ತಿ ಮಗುವಿನ ಥರ ಎದೆಗೆ ಅವಚಿಕೊಂಡು, ಮಣ್ಣಿನಲ್ಲಿ ಬಿದ್ದಿದ್ದ ಹಾಸಿನ ಕಡೆ ನೋಡುತ್ತ ಕೂತಳು.

ಅಷ್ಟರಲ್ಲಿ ಅವನು ಹೊರಗೆ ಬಂದ. ಹಂಡೆ ಕಲಕುವ ದೊಣ್ಣೆ ಕೈಯಲ್ಲಿತ್ತು, ಮೊಣಕೈ ತನಕ ಕೆಂಪು. ನಾನು ಕಾಲು ಊರಿ ನಿಂತೆ. ಅವನು ಆಕೆಯ ಕೈ ನೋಡಿದ, ನನ್ನನ್ನು ನೋಡಿದ, ದೊಣ್ಣೆ ಗೋಡೆಗೆ ಆನಿಸಿದ. ನನ್ನ ಪಕ್ಕದಲ್ಲೇ ಹಾದು ಹೋಗಿ ಆಕೆಯನ್ನು ಎತ್ತಿಕೊಂಡು ಮೇದಾರರ ಮನೆಗೆ ನಡೆದ. ಮೇದಾರಣ್ಣ ಬಿದಿರ ದಬ್ಬೆ ಸೀಳಿ ಕಟ್ಟು ಹಾಕಿದ. ನಾನು ಹೊಡೆಯಲು ಯಾರೂ ಇಲ್ಲದೆ ನಡು ಬೀದಿಯಲ್ಲಿ ಕತ್ತರಿ ಹಿಡಿದು ನಿಂತಿದ್ದೆ. ನನ್ನ ಹೆಂಡತಿ ಬಂದು ಹರಿದ ಹಾಸನ್ನು ಬಳಿದುಕೊಂಡು ಒಳಗೆ ಹೋದಳು. ಆ ತಿಂಗಳು ನನ್ನೊಂದಿಗೆ ಮಾತಾಡಲಿಲ್ಲ.

ಮೂಳೆ ಕೂಡಿತು, ಸೊಟ್ಟಗೆ. ಆ ಕೈ ಹೆಗಲಿಗಿಂತ ಮೇಲೆ ಏಳಲಿಲ್ಲ, ಕುಂಚದ ಭಾರ ತಡೆಯಲಿಲ್ಲ. ಕಟ್ಟು ಬಿಚ್ಚಿದ ದಿನ ಆಕೆ ನನ್ನ ಮನೆ ಬಾಗಿಲಿಗೆ ಬಂದಳು. ಪೊಲೀಸು, ಪಂಚಾಯಿತಿ, ಏನು ತರುತ್ತಾಳೋ ಎಂದುಕೊಂಡಿದ್ದೆ. ಕುಂಚವನ್ನು ನನ್ನ ಕಾಲ ಬಳಿ ಎಸೆದಳು.

"ಬಲಗೈ ನೀನು ತಿಂದಿ. ಇನ್ನ ನೀನೇ ನನ್ನ ಬಲಗೈ. ಎದ್ದು ಬಾ."

ಹೋದೆ. ನನ್ನ ಮಗ್ಗದ ಕೆಲಸ ಮುಂಜಾನೆ ನಾಲ್ಕಕ್ಕೆ ಎದ್ದು ಮುಗಿಸಿಕೊಂಡು, ಬಿಸಿಲೇರುವ ಹೊತ್ತಿಗೆ ಆಕೆಯ ಹಿಂದೆ ಕುಂಚ ಹಿಡಿದು ಮನೆಮನೆಗೂ ನಡೆದೆ. ಆಕೆ ಎಡಗೈಯಲ್ಲಿ ಒಂದು ಹುಣಸೆ ಬರಲು, ಹಸಿ ಕಡ್ಡಿ, ಇಟ್ಟುಕೊಂಡಿದ್ದಳು. ಎಳೆ ಬಿಟ್ಟರೆ ಮೊಣಕಾಲಿಗೆ, ಸರಿ ಹೆಚ್ಚಾದರೆ ಬೆನ್ನಿಗೆ. ಹೆಂಡತಿ ಇರುವವನನ್ನು ಬೀದಿಯಲ್ಲಿ ಎಲ್ಲರೆದುರು ಹೊಡೆಯುತ್ತಿದ್ದಳು. ಯಾರಿಂದಲೂ ಒಂದು ಮಾತು ತಾಳದ ನಾನು ಅದನ್ನು ತಾಳಿದೆ. ಎರಡು ವರ್ಷ. ಎಡಗೈ ಏಟಿಗೆ ಅಷ್ಟು ಜೋರಿರಲಿಲ್ಲ, ಅದೇ ಹೆಚ್ಚು ಉರಿಯುತ್ತಿತ್ತು.

ಒಂದು ದಿನ ಸರಿ ಕುದಿಯುವುದನ್ನು ಕಾಯುತ್ತ ಕೂತಿದ್ದಾಗ, ತಾಳ್ಯದಿಂದ ವಾಪಸು ಬಂದ ಆ ಕಂಬಳಿಯನ್ನು ತರಿಸಿದಳು. ಕೆಂಪು ಪಟ್ಟೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದಳು, ಮೂಸಿದಳು, ಬೆರಳನ್ನು ನನ್ನ ಮೂಗಿಗೆ ಹಿಡಿದಳು.

"ಜಿಡ್ಡು," ಎಂದಳು. "ನೂಲು ತೊಳೀದೇ ಕೊಟ್ಟಿದ್ದಿ. ಕುರಿ ಎಣ್ಣೆ ಇರೋ ನೂಲಿಗೆ ಯಾವ ಪಟಕ ಹಾಕಿದ್ರೂ ಬಣ್ಣ ಹೆಂಗೆ ಹಿಡೀತೈತೆ? ಆ ಹುಡುಗಂದೇನೂ ತಪ್ಪಿಲ್ಲ."

ನಿಜ. ಆ ವಾರ ಬೇಡಿಕೆಯ ಅವಸರದಲ್ಲಿ ಬಿಳಿ ನೂಲನ್ನು ಜಿಡ್ಡು ತೆಗೆಯುವ ಚೌಳುಮಣ್ಣಿನ ನೀರಲ್ಲಿ ನೆನೆಹಾಕದೆ ಬರೀ ನೀರಲ್ಲಿ ಜಾಲಾಡಿ ಕೊಟ್ಟಿದ್ದೆ. ಕೊಡುವಾಗಲೇ ಕೈಗೆ ಗೊತ್ತಾಗಿತ್ತು. ಗೊತ್ತಾದದ್ದನ್ನು ಮರೆತಿದ್ದೆ. ಹೋಗಿ ಅವನಿಗೆ ಹೇಳಿ ಬಾ ಎಂದಳು. ಹೂಂ ಎಂದೆ. ಎದುರು ಸಾಲು ಹದಿನೈದು ಹೆಜ್ಜೆ ಇತ್ತು. ಇವತ್ತು ಹೋಗಾಣ, ನಾಳೆ ಹೋಗಾಣ ಎಂದು ದಿನ ತಳ್ಳಿದೆ. ಅವನು ಬೀದಿಯಲ್ಲಿ ಸಿಕ್ಕರೆ ಇಬ್ಬರೂ ಮುಖ ತಿರುಗಿಸುತ್ತಿದ್ದೆವು. ಶಾಲೆಯಲ್ಲಿ ಹೇಳದ ಮಾತು ನನ್ನ ಬಾಯಲ್ಲಿ ಆಗಲೂ ಬರಲಿಲ್ಲ.

ಈ ನಡುವೆ ಓಣಿ ಬದಲಾಗುತ್ತಿತ್ತು. ಅದನ್ನು ಮೊದಲು ಕಂಡವಳು ಆಕೆ. ಜಗಳವಾದಾಗ ಹಾಸು ಕಟ್ಟಿದರೆ ಜನ ನಿಲ್ಲುತ್ತಿದ್ದರು, ಆದರೆ ಮೊದಲಿನ ಹಾಗೆ ಕೂರುತ್ತಿರಲಿಲ್ಲ. ಹಾಸಿನ ಮೇಲೆ ಕೈಯಿಟ್ಟು ನೋಡುತ್ತಿದ್ದರು. ಒಬ್ಬ ಪಡ್ಡೆ ಹುಡುಗ ಬೆರಳಲ್ಲಿ ಎಳೆ ಮೀಟಿ ನಕ್ಕದ್ದನ್ನು ನಾನೇ ಕಂಡೆ. ಆಕೆ ಅವನಿಗೆ ಹೊಡೆಯಲಿಲ್ಲ. ನನಗೆ ಹೊಡೆದಳು.

೧೯೭೬ರ ಬೇಸಿಗೆ. ಹಿಂದಿನ ಬೀದಿಯ ಗ್ಯಾರೇಜಿನ ಒಬ್ಬ ಫಿಟ್ಟರು ಚಾ ಅಂಗಡಿಯಲ್ಲಿ ಬೆಂಚಿನ ಮೇಲೆ ಗ್ರೀಸು ಕಾಲು ಇಟ್ಟದ್ದಕ್ಕೆ ಬಣ್ಣದವರ ಮಗ ಕೆಳಗಿಡು ಎಂದಿದ್ದಾನೆ. ಮಾತಿಗೆ ಮಾತು ಬೆಳೆದು ಎಲ್ಲರೆದುರು ಫಿಟ್ಟರನ ಕಪಾಳಕ್ಕೆ ಹೊಡೆದಿದ್ದಾನೆ. ಹತ್ತು ಗಂಟೆಗೆ ನಡೆದದ್ದು. ಹನ್ನೊಂದಕ್ಕೆ ಆ ಗ್ಯಾರೇಜಿನವನು ಲಾರಿ ಸ್ಪ್ರಿಂಗಿನ ಪಾಟಾ ಕಬ್ಬಿಣ ಉಜ್ಜಿ ಮಾಡಿದ ಚಾಕು ಹಿಡಿದು ಓಣಿಯೊಳಗೆ ಬಂದ. ಅವನು ಹೊರಗಿನವನಲ್ಲ. ನಮ್ಮ ಕಟ್ಟಳೆ ಅವನಿಗೂ ಗೊತ್ತಿತ್ತು, ಎಷ್ಟೋ ಸಲ ಗೂಟ ಸುತ್ತಿಕೊಂಡು ಹೋದವನೇ.

ಆಕೆ ಹಾಸು ಹಾಸು ಎಂದಳು. ನೆರೆಮನೆಯದು ಸಿದ್ಧವಿತ್ತು. ಹೆಂಗಸರು ಬಿಗಿದರು, ನಾನು ಕುಂಚ ಅದ್ದಿ ಹಚ್ಚಿದೆ. ಗ್ಯಾರೇಜಿನವನು ಹಾಸಿನ ಹತ್ತಿರ ಬಂದು ನಿಂತ. ನಿಂತ, ಅದಂತೂ ನಿಜ. ಒಂದು ಗಳಿಗೆ ನನಗೆ ಗೆದ್ದೆವು ಅನ್ನಿಸಿತು. ಆಮೇಲೆ ಅವನು ಕತ್ತೆತ್ತಿ ಕುಂಚ ಹಿಡಿದವನು ಯಾರೆಂದು ನೋಡಿದ.

"ಏನಪ್ಪ, ಹರಿದೋನೇ ಕಾವಲಾ?" ಎಂದ.

ಹರಿಯಲಿಲ್ಲ. ಎಡಗೈಯಲ್ಲಿ ಹಾಸನ್ನು ಮೆಲ್ಲಗೆ ಎತ್ತಿ, ಬಗ್ಗಿ, ಒಂದು ಎಳೆಯೂ ಅಲುಗದ ಹಾಗೆ ಕೆಳಗಿನಿಂದ ದಾಟಿಬಿಟ್ಟ. ಅಷ್ಟೇ. ನನ್ನ ಕತ್ತರಿಯ ಸದ್ದಿಗಿಂತ ಆ ಸುಮ್ಮನೆ ದಾಟಿದ್ದು ನನಗೆ ಇವತ್ತಿಗೂ ಹೆಚ್ಚು ಭಯ.

ನಾನೂ ಕೆಳಗಿನಿಂದಲೇ ನುಗ್ಗಿದೆ. ಬಣ್ಣದವರ ಮಗ ಹಂಡೆಯ ಬಳಿ ಬಗ್ಗಿ ಸೌದೆ ತಳ್ಳುತ್ತಿದ್ದ, ಹಾಸು ಕಟ್ಟಿದ್ದಾರೆ ಎಂಬ ಧೈರ್ಯಕ್ಕೆ ತಿರುಗಿಯೂ ನೋಡಿರಲಿಲ್ಲ. ಹಾಸಿನ ಮೇಲೆ ಅವನಿಗೆ ಆಗಲೂ ನಂಬಿಕೆ ಇತ್ತು. ಮೊದಲನೆಯ ಇರಿತ ಅವನ ಪಕ್ಕೆಗೆ ಬಿತ್ತು. ಎರಡನೆಯದು ಹೊಟ್ಟೆಗೆ. ಮೂರನೆಯದಕ್ಕೆ ನಾನು ಅಲುಗನ್ನೇ ಬಲಗೈಯಲ್ಲಿ ಹಿಡಿದೆ. ಗ್ಯಾರೇಜಿನವನು ಜಗ್ಗಿದ, ನಾನು ಬಿಡಲಿಲ್ಲ. ಇನ್ನೊಮ್ಮೆ ಜಗ್ಗಿದಾಗ ನನ್ನ ಎರಡು ಬೆರಳು ಹೋದವು. ನಾನು ಹಣೆಯಿಂದ ಅವನ ಮೂಗಿಗೆ ಗುದ್ದಿ ಗುದ್ದಿ ಕೆಡವಿದೆ. ಅವನು ಅಲುಗಾಡುವುದು ನಿಲ್ಲಿಸಿದ ಮೇಲೂ ಗುದ್ದುತ್ತಿದ್ದೆನಂತೆ, ಜನ ಎಳೆದು ಬಿಡಿಸಿದರು. ಬದುಕಿಕೊಂಡ, ಜೈಲಿಗೆ ಹೋದ.

ಉಣ್ಣೆ ಸಾಗಿಸುವ ತಳ್ಳುಗಾಡಿಯ ಮೇಲೆ ಬಣ್ಣದವರ ಮಗನನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಓಡಿದೆವು. ಕೈಗೆ ಬಟ್ಟೆ ಸುತ್ತಿಕೊಂಡು ನಾನೂ ಗಾಡಿ ಹಿಡಿದು ಓಡಿದೆ. ಅವನ ಮೈಮೇಲೆ ಯಾವುದು ಬಣ್ಣ ಯಾವುದು ರಕ್ತ ತಿಳಿಯುತ್ತಿರಲಿಲ್ಲ. ಕಣ್ಣು ಬಿಟ್ಟಿದ್ದ. ಈಗ ಹೇಳಬೇಕು ಎಂದು ಬಗ್ಗಿದೆ. ತಪ್ಪು ನಂದೇ ಇತ್ತು, ನೂಲು ತೊಳೆದಿರಲಿಲ್ಲ ಕಣೋ ಎಂದೆ. ಆಮೇಲೆ ಗೊತ್ತಾಯಿತು, ಅಷ್ಟರಲ್ಲಾಗಲೇ ಅವನು ಹೋಗಿದ್ದನಂತೆ. ಗಾಡಿಯ ಕುಲುಕಾಟಕ್ಕೆ ತಲೆ ಆಡುತ್ತಿದ್ದುದನ್ನು ನಾನು ಹೂಂಗುಟ್ಟಿದ್ದು ಎಂದುಕೊಂಡಿದ್ದೆ.

ಆಕೆ ಆಸ್ಪತ್ರೆಗೆ ಬಂದಳು. ನನ್ನ ಕೈಯ ಕಟ್ಟನ್ನು ನೋಡಿದಳು. "ಎರಡು ಬೆರಳಾ?" ಎಂದಳು. "ಅಗ್ಗದಾಗೆ ಮುಗಿಸ್ಕಂಡಿ." ಬಣ್ಣದವರ ಹಿರಿಯ ಹೊರಗೆ ಕೂತಿದ್ದ, ಹೋಗಿ ಅವನ ಪಕ್ಕದಲ್ಲಿ ಕೂತಳು. ಅವನ ಭಾಷೆಯಲ್ಲಿ ಏನೋ ಹೇಳಿದಳು. ಆಕೆಯ ಬಾಯಲ್ಲಿ ಬೈಗುಳವಲ್ಲದ ಮರಾಠಿ ಕೇಳಿದ್ದು ಅದೇ ಮೊದಲು. ನನಗೆ ಅರ್ಥವಾಗಲಿಲ್ಲ, ನನಗೆ ಬರುತ್ತಿದ್ದ ಮೂವತ್ತರಲ್ಲಿ ಅದು ಇರಲಿಲ್ಲ.

ಆ ಮೇಲೆ ಆಕೆ ಜಗಳಕ್ಕೆ ಹಾಸು ಕಟ್ಟಿಸಲಿಲ್ಲ. ನೇಕಾರರನ್ನೆಲ್ಲ ಕರೆದು, ಇನ್ನ ಬೀದಿಯಲ್ಲಿ ಬ್ಯಾಡ, ಕೋಟೆ ಕಂದಕದ ಬಯಲಾಗೆ ಕಟ್ಟಿಕೊಳ್ರಿ, ಅದು ಈಗ ಬರೀ ನೂಲು ಎಂದಳು. ಎಲ್ಲರೂ ಒಪ್ಪಿದರು. ಓಣಿ ಅಗಲವಾಯಿತು, ಸ್ಕೂಟರು ಬಂದವು, ಆ ವರ್ಷವೇ ಇನ್ನೆರಡು ಕಡೆ ಚಾಕು ಹೊರಬಂತು. ಬಣ್ಣದವರು ಹುಬ್ಬಳ್ಳಿಯ ಕಡೆ ಹೋದರು. ಕೇರಳದವನು ಅಂಗಡಿ ಮುಚ್ಚಿದ.

ಕುಂಚದಮ್ಮ ೧೯೭೯ರಲ್ಲಿ ಹೋದಳು. ಕೊನೆಯ ತನಕ ಬಯಲಿಗೆ ಬಂದು ನನಗೆ ಕೆಲಸ ಹೇಳುತ್ತಿದ್ದಳು. ಬೆರಳು ಹೋದ ಮೇಲೆ ನನಗೆ ಕುಂಚ ನಿಲ್ಲುತ್ತಿರಲಿಲ್ಲ, ಎಳೆ ಬಿಡುತ್ತಿದ್ದೆ. ಆದರೆ ಆಕೆ ಹೊಡೆಯಲಿಲ್ಲ. ಹೊಡಿ ಎಂದು ಒಮ್ಮೆ ನಾನೇ ಕೇಳಿದೆ. ನಿಂಗೆ ಹೊಡೆದ್ರೆ ಏನು ಬರ್ತೈತೆ ಹೋಗು ಎಂದು ಬರಲನ್ನು ಒಲೆಗೆ ಹಾಕಿದಳು. ಅವರ ಜನ ಮಣ್ಣು ಕೊಡುವಾಗ ನನಗೂ ಮೂರು ಹಿಡಿ ಹಾಕಲು ಬಿಟ್ಟರು.

ಈಗ ನನ್ನದು ಅಂತ ಇರುವುದು ಇಷ್ಟು. ಅದೇ ಓಣಿಯಲ್ಲಿ ತಾರಸಿ ಮನೆ ಒಂದು. ಗಿರಣಿ ಕಂಬಳಿ ಮಾರುವ ಅಂಗಡಿ ಎರಡು, ದುರ್ಗದಲ್ಲಿ ಒಂದು, ಹೊಸದುರ್ಗದಲ್ಲಿ ಒಂದು. ಹೆಂಡತಿ ಇದ್ದಾಳೆ. ಹೆಣ್ಣುಮಕ್ಕಳು ಇಬ್ಬರು, ಗಂಡುಮಗ ಒಬ್ಬ, ಮೊಮ್ಮಕ್ಕಳು ಐವರು. ಮಗ್ಗ ಇಲ್ಲ. ಕೈಬೆರಳು ಎಂಟು.